ಲಾಭದ ಪುಟದಲ್ಲಿ ಬಡ್ಡಿಯ ಸಾಲು

ಮೂಡಿಗೆರೆ, ಕಳಸ ಕಡೆಯ ಕಾಫಿ ತೋಟಗಳ ಲೆಕ್ಕದಲ್ಲಿ ಸಿಲ್ವರ್ ಓಕ್ ಮಾರಿದ ಹಣವನ್ನು ಫಸಲಿನ ಹಣದ ಜೊತೆ ಬೆರೆಸುವುದಿಲ್ಲ. ಅರೇಬಿಕಾ ಪಾರ್ಚ್‌ಮೆಂಟ್ ಎಷ್ಟು ಮೂಟೆ ಆಯಿತು, ರೊಬಸ್ಟಾ ಚೆರಿ ಎಷ್ಟು, ಬಳ್ಳಿಯ ಮೆಣಸು ಎಷ್ಟು ಕ್ವಿಂಟಲ್ ಎಂಬುದು ತೋಟದ ಆ ವರ್ಷದ ದುಡಿಮೆ. ಅಪ್ಪನೋ ಅಜ್ಜನೋ ನೆರಳಿಗೆಂದು ನೆಟ್ಟ ಮರವನ್ನು ಕಡಿದು ನಾಟಾ ವ್ಯಾಪಾರಿಗೆ ಕೊಟ್ಟಾಗ ಬರುವುದೂ ನಿಜವಾದ ಹಣವೇ. ಮಗಳ ಮದುವೆ, ಬ್ಯಾಂಕಿನ ಸಾಲ, ಹೊಸ ಪಲ್ಪರ್ ಎಲ್ಲಕ್ಕೂ ಅದು ಒದಗುತ್ತದೆ. ಆದರೆ ಆ ಮರ ಮುಂದಿನ ವರ್ಷ ಮತ್ತೆ ಮಾರಲು ಸಿಗುವುದಿಲ್ಲ. ಕಾಂಡಕೊರಕ ಹತ್ತಿ ಅರ್ಧ ತೋಟದ ಅರೇಬಿಕಾ ಗಿಡ ಕಿತ್ತುಹಾಕಿದ ವರ್ಷವೇ ಮನೆಯಲ್ಲಿ ಹೆಚ್ಚು ನಗದು ಓಡಾಡಿರಬಹುದು. ತೋಟ ಕೊಳ್ಳಲು ಬರುವವರು ಇದನ್ನು ಬಲ್ಲರು. ಅವರು ಹಿಂದಿನ ವರ್ಷಗಳ ಫಸಲಿನ ಲೆಕ್ಕ ಕೇಳುತ್ತಾರೆ, ಮರಗಳನ್ನು ಬೇರೆಯಾಗಿ ಎಣಿಸುತ್ತಾರೆ.

ಇಂಥ ಮನೆಗಳಲ್ಲಿ ಈಗ ಷೇರುಗಳೂ ಇವೆ. ಕಾಫಿಗೆ ಒಳ್ಳೆಯ ದರ ಸಿಕ್ಕ ವರ್ಷಗಳ ಉಳಿತಾಯ ಬೆಂಗಳೂರಿನ ಐಟಿ ಕಂಪನಿಗಳ ಷೇರಿಗೆ ಹೋಗಿದೆ, ಮಕ್ಕಳು ಅಂಥದೇ ಕಂಪನಿಗಳಲ್ಲಿ ಸಂಬಳ ಎಣಿಸುತ್ತಿದ್ದಾರೆ. ಮೂರು ತಿಂಗಳಿಗೊಮ್ಮೆ ‘ಲಾಭ ಶೇ ಇಷ್ಟು ಏರಿಕೆ’ ಎಂಬ ಶೀರ್ಷಿಕೆ ಓದುವಾಗ ಮಾತ್ರ ತೋಟದ ಲೆಕ್ಕದಲ್ಲಿ ಪಾಲಿಸುವ ಎಚ್ಚರ ಕೈಬಿಟ್ಟುಹೋಗುತ್ತದೆ. ಆ ಲಾಭದಲ್ಲಿ ಕಂಪನಿಯ ದುಡಿಮೆ ಎಷ್ಟು, ಕೂಡಿಟ್ಟ ಹಣ ತಂದ ಬಡ್ಡಿ ಎಷ್ಟು ಎಂದು ಕೇಳುವವರು ಕಡಿಮೆ.

2024ರ ಏಪ್ರಿಲ್ 18ರಂದು ಇನ್ಫೊಸಿಸ್ ಪ್ರಕಟಿಸಿದ ಫಲಿತಾಂಶ ಈ ಪ್ರಶ್ನೆಯ ಬೆಲೆಯನ್ನು ಚೆನ್ನಾಗಿ ತೋರಿಸುತ್ತದೆ. ಆ ವರ್ಷದ ಜನವರಿಯಿಂದ ಮಾರ್ಚ್‌ವರೆಗಿನ ತ್ರೈಮಾಸಿಕದಲ್ಲಿ ನಿವ್ವಳ ಲಾಭ 7,969 ಕೋಟಿ ರೂಪಾಯಿ. ಹಿಂದಿನ ವರ್ಷದ ಇದೇ ಅವಧಿಯಲ್ಲಿ ಅದು 6,128 ಕೋಟಿ ಇತ್ತು. ಅಂದರೆ ಶೇ 30ರಷ್ಟು ಏರಿಕೆ. ಆದರೆ ಗ್ರಾಹಕರಿಂದ ಬಂದ ವರಮಾನ 37,441 ಕೋಟಿಯಿಂದ 37,923 ಕೋಟಿಗೆ, ಶೇ 1.3ರಷ್ಟು ಮಾತ್ರ ಹೆಚ್ಚಿತ್ತು. ಸಾಫ್ಟ್‌ವೇರ್ ಸೇವೆಯಿಂದಲೇ ಬಂದ ಕಾರ್ಯಾಚರಣೆಯ ಲಾಭವಂತೂ ಸುಮಾರು 7,900 ಕೋಟಿಯಿಂದ 7,600 ಕೋಟಿಗೆ ಇಳಿದಿತ್ತು. ದುಡಿಮೆಯ ಲಾಭ ಇಳಿದ ಮೂರು ತಿಂಗಳಲ್ಲಿ ಒಟ್ಟು ಲಾಭ ಸುಮಾರು ಮೂರನೇ ಒಂದು ಭಾಗದಷ್ಟು ಏರಿದ್ದು ಹೇಗೆ?

ಉತ್ತರ ‘ಇತರ ಆದಾಯ’ ಎಂಬ ಸಾಲಿನಲ್ಲಿತ್ತು. ಹಿಂದಿನ ವರ್ಷ 671 ಕೋಟಿ ಇದ್ದ ಆ ಸಾಲು 2,729 ಕೋಟಿಗೆ ಏರಿತ್ತು. ಹಲವು ವರ್ಷಗಳ ಹಳೆಯ ಆದಾಯ ತೆರಿಗೆ ವ್ಯಾಜ್ಯಗಳು ಕಂಪನಿಯ ಪರವಾಗಿ ಇತ್ಯರ್ಥವಾಗಿ, ಸರ್ಕಾರ ಮರಳಿಸಬೇಕಾದ ತೆರಿಗೆಗೆ ಸೇರಿದ 1,900 ಕೋಟಿಗೂ ಹೆಚ್ಚು ಬಡ್ಡಿ ಆ ಒಂದೇ ತ್ರೈಮಾಸಿಕದಲ್ಲಿ ಲೆಕ್ಕಕ್ಕೆ ಬಂದಿತ್ತು. ಹಿಂದೆ ತೆರಿಗೆಗೆಂದು ತೆಗೆದಿರಿಸಿದ್ದ ಮೊತ್ತದ ಒಂದು ಭಾಗವೂ ಲಾಭಕ್ಕೆ ವಾಪಸು ಸೇರಿತು. ಕಂಪನಿ ಇದನ್ನು ಮುಚ್ಚಿಡಲಿಲ್ಲ, ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಶೀರ್ಷಿಕೆಗೆ ಮಾತ್ರ ಟಿಪ್ಪಣಿ ಓದುವ ವ್ಯವಧಾನ ಇರುವುದಿಲ್ಲ.

ಮುಂದಿನ ವರ್ಷ ಇದರ ತಿರುವುಮುರುವು ನಡೆಯಿತು. 2025ರ ಜನವರಿ–ಮಾರ್ಚ್‌ನಲ್ಲಿ ವರಮಾನ ಶೇ 7.9ರಷ್ಟು ಏರಿ 40,925 ಕೋಟಿ ತಲುಪಿತು, ಕಾರ್ಯಾಚರಣೆಯ ಲಾಭವೂ 8,500 ಕೋಟಿ ದಾಟಿತು. ನಿವ್ವಳ ಲಾಭ 7,033 ಕೋಟಿ. ‘ಇನ್ಫೊಸಿಸ್ ಲಾಭ ಶೇ 12ರಷ್ಟು ಕುಸಿತ’ ಎಂದು ಸುದ್ದಿಯಾಯಿತು. ದುಡಿಮೆ ಕುಂದಿದ ತ್ರೈಮಾಸಿಕಕ್ಕೆ ಚಪ್ಪಾಳೆ, ದುಡಿಮೆ ಸುಧಾರಿಸಿದ ತ್ರೈಮಾಸಿಕಕ್ಕೆ ನಿಟ್ಟುಸಿರು. ನಿವ್ವಳ ಲಾಭದ ಒಂದೇ ಸಂಖ್ಯೆಯನ್ನು ನಂಬಿದ ಹೂಡಿಕೆದಾರ ಎರಡು ಸಲವೂ ತಪ್ಪು ತೀರ್ಮಾನಕ್ಕೆ ಬಂದಿರುತ್ತಾನೆ.

ತೆರಿಗೆ ಮರುಪಾವತಿಯ ಬಡ್ಡಿ ಅಪರೂಪದ ಘಟನೆ. ಅದು ಇಲ್ಲದ ವರ್ಷಗಳಲ್ಲೂ ನಗದು ತುಂಬಿದ ಕಂಪನಿಯ ಲಾಭದಲ್ಲಿ ಹೂಡಿಕೆಯ ಆದಾಯ ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತದೆ. ಗ್ರಾಹಕರು ಹಣ ಕೊಡುತ್ತಾರೆ, ಸಂಬಳ ಮತ್ತು ತೆರಿಗೆ ಕಟ್ಟಿ ಉಳಿದದ್ದು ಬ್ಯಾಂಕ್ ಠೇವಣಿ, ಸರ್ಕಾರಿ ಸಾಲಪತ್ರ, ತೆರಿಗೆರಹಿತ ಬಾಂಡ್, ಮ್ಯೂಚುವಲ್ ಫಂಡ್‌ಗಳಿಗೆ ಹೋಗುತ್ತದೆ. ಅಲ್ಲಿಂದ ಬರುವ ಬಡ್ಡಿ ಮತ್ತು ಗಳಿಕೆ ‘ಇತರ ಆದಾಯ’ವಾಗುತ್ತದೆ. ಡಾಲರ್ ಏರಿಳಿತದ ವಿರುದ್ಧ ಮಾಡಿಕೊಂಡ ಮುಂಗಡ ಒಪ್ಪಂದಗಳ ಲಾಭ–ನಷ್ಟವನ್ನೂ ಇನ್ಫೊಸಿಸ್ ಇದೇ ಸಾಲಿಗೆ ಸೇರಿಸುತ್ತದೆ. ಹಾಗಾಗಿ ಆ ಸಾಲು ಏರಿದ ಮಾತ್ರಕ್ಕೆ ಬಡ್ಡಿಯೇ ಏರಿತು ಎನ್ನಲಾಗದು, ಒಡೆದು ನೋಡಬೇಕು.

ಐಟಿ ಕಂಪನಿಗಳಲ್ಲಿ ಇಷ್ಟು ನಗದು ಸೇರುವುದಕ್ಕೆ ವ್ಯವಹಾರದ ಸ್ವರೂಪವೇ ಕಾರಣ. ಉಕ್ಕಿನ ಕಾರ್ಖಾನೆಯವರು ಲಾಭ ಬಂದೊಡನೆ ಹೊಸ ಕುಲುಮೆಗೆ ಸುರಿಯಬೇಕು. ಸಾಫ್ಟ್‌ವೇರ್ ಸೇವೆಗೆ ಬೇಕಾದದ್ದು ಕಟ್ಟಡ, ಕಂಪ್ಯೂಟರ್, ಮುಖ್ಯವಾಗಿ ಜನ. 1981ರಲ್ಲಿ 10,000 ರೂಪಾಯಿ ಬಂಡವಾಳದಿಂದ ಆರಂಭವಾದ ಇನ್ಫೊಸಿಸ್ ಸಾಲ ಮಾಡದೆ ಬೆಳೆಯಿತು. ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್‌ಗಳ ರಫ್ತು ಲಾಭಕ್ಕಿದ್ದ ತೆರಿಗೆ ವಿನಾಯಿತಿ 2011ರ ಮಾರ್ಚ್‌ವರೆಗೆ ಮುಂದುವರಿದದ್ದರಿಂದ ಉಳಿಕೆಯೂ ಹೆಚ್ಚಿತ್ತು. ಲಕ್ಷಾಂತರ ಜನರಿಗೆ ತಿಂಗಳ ಕೊನೆಗೆ ಸಂಬಳ ತಪ್ಪದಂತೆ ಕೊಡಬೇಕಾದ ಕಂಪನಿ ಕಷ್ಟಕಾಲಕ್ಕೆಂದು ಹಣ ಇಟ್ಟುಕೊಳ್ಳುವುದು ವಿವೇಕದ ಮಾತೇ. ಬೆಲೆ ಬಿದ್ದ ವರ್ಷಗಳಲ್ಲಿ ಸಾಲಕ್ಕೆ ಕೈಚಾಚಿ ತೋಟ ಕಳೆದುಕೊಂಡವರನ್ನು ಕಂಡ ಮಲೆನಾಡಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಡ್ಡಿಯ ಆದಾಯದ ದರವನ್ನು ಕಂಪನಿ ನಿರ್ಧರಿಸುವುದಿಲ್ಲ. ರಿಸರ್ವ್ ಬ್ಯಾಂಕ್ 2020ರ ಮೇ ತಿಂಗಳಲ್ಲಿ ರೆಪೊ ದರವನ್ನು ಶೇ 4ಕ್ಕೆ ಇಳಿಸಿತು. 2023ರ ಫೆಬ್ರುವರಿ ಹೊತ್ತಿಗೆ ಅದು ಶೇ 6.5ಕ್ಕೆ ಏರಿತ್ತು. ಇನ್ಫೊಸಿಸ್‌ನ ಇತರ ಆದಾಯ 2017–18ರಲ್ಲಿ ಸುಮಾರು 3,200 ಕೋಟಿ, 2020–21ರಲ್ಲಿ ಸುಮಾರು 2,200 ಕೋಟಿ, 2022–23ರಲ್ಲಿ ಮತ್ತೆ 2,700 ಕೋಟಿ. ಮಧ್ಯದ ಇಳಿತಕ್ಕೆ ಬಡ್ಡಿದರದ ಜೊತೆಗೆ ಷೇರುದಾರರಿಗೆ ಮರಳಿಸಿದ ಹಣವೂ ಕಾರಣ. 2017–18ರಲ್ಲಿ ತೆರಿಗೆಪೂರ್ವ ಲಾಭದ ಆರನೇ ಒಂದು ಭಾಗದಷ್ಟಿದ್ದ ಇತರ ಆದಾಯ ಮೂರು ವರ್ಷಗಳಲ್ಲಿ ಹನ್ನೆರಡನೇ ಒಂದು ಭಾಗಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ನಿವ್ವಳ ಲಾಭ 16,029 ಕೋಟಿಯಿಂದ 19,351 ಕೋಟಿಗೆ ಏರಿತ್ತು. ಈ ಏರಿಕೆಯನ್ನು ನಾನು ಹೆಚ್ಚು ಗೌರವದಿಂದ ನೋಡುತ್ತೇನೆ, ಏಕೆಂದರೆ ಬಡ್ಡಿಯ ಆಸರೆ ಕುಗ್ಗುತ್ತಿದ್ದಾಗ ಅದು ಬಂತು.

ಹೂಡಿಕೆಯ ಆದಾಯಕ್ಕೆ ಇನ್ನೊಂದು ರೂಪವಿದೆ. ಅದರ ಕಥೆ ಈ ಬೆಟ್ಟಗಳದ್ದೇ.

ಮೂಡಿಗೆರೆ ತಾಲ್ಲೂಕಿನ ಚೇತನಹಳ್ಳಿಯ ಕಾಫಿ ಬೆಳೆಗಾರರ ಮನೆತನದ ವಿ.ಜಿ. ಸಿದ್ಧಾರ್ಥ ಮುಂಬೈನಲ್ಲಿ ಷೇರುಪೇಟೆಯ ಕೆಲಸ ಕಲಿತು, ಬೆಂಗಳೂರಿಗೆ ಬಂದು ಷೇರು ವ್ಯವಹಾರದ ಸಂಸ್ಥೆ ಕಟ್ಟಿದವರು. ಅಲ್ಲಿ ಗಳಿಸಿದ್ದನ್ನು ಕಾಫಿ ತೋಟಗಳಿಗೆ ಹಾಕಿದರು. ತೊಂಬತ್ತರ ದಶಕದಲ್ಲಿ ಕಾಫಿ ಮಂಡಳಿಯ ಪೂಲಿಂಗ್ ಪದ್ಧತಿ ಹಂತಹಂತವಾಗಿ ಸಡಿಲವಾಗಿ, ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರುವ ಹಾದಿ ತೆರೆಯಿತು. 1993ರಲ್ಲಿ ಅವರು ಅಮಾಲ್ಗಮೇಟೆಡ್ ಬೀನ್ ಕಾಫಿ ಟ್ರೇಡಿಂಗ್ ಕಂಪನಿ ಆರಂಭಿಸಿದರು. ಮರುವರ್ಷವೇ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆಯಿತು. ಇಂಟರ್ನೆಟ್ ಜೊತೆಗೆ ಕಾಫಿ ಕೊಟ್ಟ ಜಾಗ ಅದು. 1999ರಲ್ಲಿ ಅಶೋಕ್ ಸೂಟ, ಸುಬ್ರತೊ ಬಾಗ್ಚಿ, ಕೃಷ್ಣಕುಮಾರ್ ನಟರಾಜನ್ ಮುಂತಾದ ಹತ್ತು ಮಂದಿ ಮೈಂಡ್‌ಟ್ರೀ ಎಂಬ ಸಾಫ್ಟ್‌ವೇರ್ ಕಂಪನಿ ಹುಟ್ಟುಹಾಕಿದಾಗ ಆರಂಭದ ಹಣ ಹಾಕಿದವರಲ್ಲಿ ಸಿದ್ಧಾರ್ಥ ಒಬ್ಬರು. ಕಾಫಿ ಬೆಟ್ಟದಿಂದ ಬಂದ ಒಬ್ಬರು ತಂತ್ರಜ್ಞಾನದ ಮೊಳಕೆಗೆ ನೀರೆರೆದದ್ದು ಕರ್ನಾಟಕದ ಆರ್ಥಿಕ ಇತಿಹಾಸದಲ್ಲಿ ದಾಖಲಾಗಬೇಕಾದ ಸಂಗತಿ. ಅದಕ್ಕೆ ಸಿಗಬೇಕಾದ ಗಮನ ಇನ್ನೂ ಸಿಕ್ಕಿಲ್ಲ ಎಂದೇ ನನ್ನ ಅನಿಸಿಕೆ.

ಇಪ್ಪತ್ತು ವರ್ಷಗಳ ಬಳಿಕ, 2019ರ ಆರಂಭದಲ್ಲಿ, ಸಿದ್ಧಾರ್ಥ ಮತ್ತು ಅವರ ಕಾಫಿ ಡೇ ಕಂಪನಿಗಳ ಕೈಯಲ್ಲಿ ಮೈಂಡ್‌ಟ್ರೀಯ ಶೇ 20.32ರಷ್ಟು ಷೇರುಗಳಿದ್ದವು. ಒಂದು ಕಂಪನಿ ಇನ್ನೊಂದರಲ್ಲಿ ಐದನೇ ಒಂದು ಭಾಗದಷ್ಟು ಪಾಲು ಹೊಂದಿ ಅದರ ಆಡಳಿತದಲ್ಲಿ ಪ್ರಭಾವ ಇಟ್ಟುಕೊಂಡಿದ್ದರೆ, ಲೆಕ್ಕಶಾಸ್ತ್ರ ಅದನ್ನು ಸಹವರ್ತಿ ಕಂಪನಿ ಎಂದು ಕರೆಯುತ್ತದೆ. ಆಗ ಸಹವರ್ತಿಯ ಲಾಭದಲ್ಲಿ ತನ್ನ ಪಾಲಿನಷ್ಟನ್ನು ಹೂಡಿಕೆದಾರ ಕಂಪನಿ ತನ್ನ ಲಾಭದ ಪುಟದಲ್ಲಿ ತೋರಿಸುತ್ತದೆ. ಕಾಫಿ ಡೇ ಎಂಟರ್‌ಪ್ರೈಸಸ್‌ನ ಲೆಕ್ಕದಲ್ಲಿ ಮೈಂಡ್‌ಟ್ರೀಯ ಲಾಭ ಸೇರುತ್ತಿದ್ದದ್ದು ಹೀಗೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಬ್ಯಾಂಕ್ ಠೇವಣಿಯ ಬಡ್ಡಿ ಕೈಗೆ ಬರುವ ಹಣ. ಸಹವರ್ತಿಯ ಲಾಭದ ಪಾಲು ಹಾಗಲ್ಲ. ಅದರಲ್ಲಿ ಡಿವಿಡೆಂಡ್ ರೂಪದಲ್ಲಿ ಬಂದಷ್ಟೇ ನಗದು, ಉಳಿದದ್ದು ಮೈಂಡ್‌ಟ್ರೀಯ ಖಾತೆಯಲ್ಲೇ ಇರುತ್ತದೆ. 2018–19ರಲ್ಲಿ ಮೈಂಡ್‌ಟ್ರೀಯ ನಿವ್ವಳ ಲಾಭ 754 ಕೋಟಿ. ಶೇ 20.32ರ ಲೆಕ್ಕದಲ್ಲಿ ಸಿದ್ಧಾರ್ಥ ಮತ್ತು ಅವರ ಕಂಪನಿಗಳ ಪಾಲು ಸುಮಾರು 153 ಕೋಟಿ. ಇನ್ನೊಂದು ಬದಿಯಲ್ಲಿ ಕಾಫಿ ಡೇ ಎಂಟರ್‌ಪ್ರೈಸಸ್ ಸಮೂಹದ ಸಾಲ 2019ರ ಮಾರ್ಚ್ ಅಂತ್ಯಕ್ಕೆ ಸುಮಾರು 7,200 ಕೋಟಿ. ಆ ಸಾಲದ ಬಡ್ಡಿಯನ್ನು ನಗದಿನಲ್ಲೇ ಕಟ್ಟಬೇಕು. ಬ್ಯಾಂಕು ಸಹವರ್ತಿಯ ಲಾಭದ ಪಾಲನ್ನು ಕಂತು ಎಂದು ಸ್ವೀಕರಿಸುವುದಿಲ್ಲ.

2019ರ ಮಾರ್ಚ್ 18ರಂದು ಆ ಷೇರುಗಳನ್ನು ಲಾರ್ಸೆನ್ ಆ್ಯಂಡ್ ಟೂಬ್ರೊಗೆ ತಲಾ 980 ರೂಪಾಯಿಯಂತೆ ಮಾರುವ ಒಪ್ಪಂದವಾಯಿತು. ಒಟ್ಟು ಸುಮಾರು 3,269 ಕೋಟಿ. ಮೈಂಡ್‌ಟ್ರೀಯ ಸಂಸ್ಥಾಪಕರು ಈ ಸ್ವಾಧೀನವನ್ನು ಬಹಿರಂಗವಾಗಿಯೇ ವಿರೋಧಿಸಿದರು. ಕಂಪನಿಯ ಖಜಾನೆಯಲ್ಲಿದ್ದ ನಗದಿನಿಂದ ಷೇರು ಮರುಖರೀದಿ ಮಾಡುವ ವಿಚಾರ ಆಡಳಿತ ಮಂಡಳಿಯ ಮುಂದೆ ಬಂತು, ಮಾರ್ಚ್ ಕೊನೆಯ ವಾರದಲ್ಲಿ ಮಂಡಳಿ ಅದನ್ನು ಕೈಬಿಟ್ಟಿತು. ಭಾವನೆಗಳನ್ನು ಪಕ್ಕಕ್ಕಿಟ್ಟು ಲೆಕ್ಕ ಮಾತ್ರ ನೋಡೋಣ. 153 ಕೋಟಿ ಲಾಭದ ಪಾಲು, ಅದರಲ್ಲೂ ಬಹುಪಾಲು ಕೈಗೆ ಬಾರದ್ದು, ಸುಮಾರು 21 ಪಟ್ಟು ಬೆಲೆಗೆ ಹೋಯಿತು. ಬಂದ ಹಣವೆಲ್ಲ ಸಾಲ ತೀರಿಸಲು ಸಿಕ್ಕಿತು ಎಂದುಕೊಂಡು, ಬಡ್ಡಿ ಶೇ 10 ಎಂದು ಹಿಡಿದರೂ ವರ್ಷಕ್ಕೆ ಸುಮಾರು 327 ಕೋಟಿ ಬಡ್ಡಿ ಉಳಿಯುತ್ತದೆ. ತೆರಿಗೆ ಮತ್ತು ಖರ್ಚು ಕಳೆದರೆ ಉಳಿತಾಯ ಇದಕ್ಕಿಂತ ಕಡಿಮೆ. ಆದರೂ ಸಾಲದ ಹೊರೆ ಹೊತ್ತವರ ಮಟ್ಟಿಗೆ ಆ ಮಾರಾಟದ ತರ್ಕ ಗಟ್ಟಿಯಾಗಿತ್ತು.

ಲಾಭದ ಪುಟದಲ್ಲಿ ಅದು ಕಾಣಿಸಿಕೊಂಡ ಬಗೆ ಬೇರೆ. 2019ರ ಏಪ್ರಿಲ್ ಕೊನೆಗೆ ಷೇರು ಹಸ್ತಾಂತರವಾದ ತ್ರೈಮಾಸಿಕದಲ್ಲಿ ಮಾರಾಟದ ಗಳಿಕೆ ಒಟ್ಟಾಗಿ ಸೇರಿ ಲಾಭ ಎತ್ತರಕ್ಕೆ ನೆಗೆಯಿತು. ಅಲ್ಲಿಂದ ಮುಂದೆ ಮೈಂಡ್‌ಟ್ರೀಯ ವರ್ಷದ ಪಾಲು ನಿಂತುಹೋಯಿತು. ಕೆಫೆಗಳಲ್ಲಿ ಕಾಫಿ ಕುಡಿದವರ ಸಂಖ್ಯೆಗೂ ಈ ಏರಿಳಿತಕ್ಕೂ ಸಂಬಂಧವಿರಲಿಲ್ಲ. ಸಿಲ್ವರ್ ಓಕ್ ಕಡಿದ ವರ್ಷದ ಲೆಕ್ಕದ ಹಾಗೆಯೇ ಅದನ್ನು ಓದಬೇಕಿತ್ತು.

ಅದೇ ವರ್ಷ ಜುಲೈ 29ರಂದು ಉಳ್ಳಾಲದ ಬಳಿ ನೇತ್ರಾವತಿ ಸೇತುವೆಯಲ್ಲಿ ಸಿದ್ಧಾರ್ಥ ಕಾಣೆಯಾದರು. 31ರಂದು ಮೃತದೇಹ ಸಿಕ್ಕಿತು, ಅಂದೇ ಚೇತನಹಳ್ಳಿಯ ತೋಟದಲ್ಲಿ ಅಂತ್ಯಕ್ರಿಯೆ ನಡೆಯಿತು. ಚಿಕ್ಕಮಗಳೂರು ಜಿಲ್ಲೆ ಆ ವಾರವನ್ನು ಮರೆತಿಲ್ಲ. ಒಬ್ಬ ಮನುಷ್ಯನ ಕೊನೆಯನ್ನು ಲೆಕ್ಕದ ಸಾಲುಗಳಿಂದ ವಿವರಿಸಲು ಹೊರಡುವುದು ಸರಿಯಲ್ಲ, ನಾನು ಅದಕ್ಕೆ ಕೈಹಾಕುವುದಿಲ್ಲ. ಕಂಪನಿಯ ಮಟ್ಟಿಗೆ ಹೇಳುವುದಾದರೆ, 2020ರ ಡಿಸೆಂಬರ್‌ನಲ್ಲಿ ಸಿದ್ಧಾರ್ಥ ಅವರ ಪತ್ನಿ ಮಾಳವಿಕಾ ಹೆಗ್ಡೆ ಕಾಫಿ ಡೇ ಎಂಟರ್‌ಪ್ರೈಸಸ್‌ನ ಹೊಣೆ ಹೊತ್ತರು. ಮೈಂಡ್‌ಟ್ರೀ 2022ರ ನವೆಂಬರ್‌ನಲ್ಲಿ ಲಾರ್ಸೆನ್ ಆ್ಯಂಡ್ ಟೂಬ್ರೊ ಸಮೂಹದ ಎಲ್‌ಟಿಐ ಜೊತೆ ವಿಲೀನವಾಗಿ ಎಲ್‌ಟಿಐಮೈಂಡ್‌ಟ್ರೀ ಆಯಿತು.

ಕೈಗೆ ಬಾರದ ಲಾಭ ಪುಟದಲ್ಲಿ ಏರಿಳಿಯುವುದರ ಅತಿರೇಕ ನೋಡಬೇಕಾದರೆ ಅಮೆರಿಕದ ಅಮೆಜಾನ್ ಸಾಕು. ರಿವಿಯನ್ ಎಂಬ ವಿದ್ಯುತ್ ವಾಹನ ಕಂಪನಿಯಲ್ಲಿ ಅದು ಹಣ ಹೂಡಿತ್ತು. 2021ರ ಕೊನೆಯ ತ್ರೈಮಾಸಿಕದಲ್ಲಿ ಅಮೆಜಾನ್ 1,430 ಕೋಟಿ ಡಾಲರ್ ಲಾಭ ತೋರಿಸಿತು. ಅದರೊಳಗೆ ರಿವಿಯನ್ ಷೇರಿನ ಬೆಲೆ ಏರಿದ್ದರಿಂದ ಬಂದ ತೆರಿಗೆಪೂರ್ವ ಗಳಿಕೆಯೇ ಸುಮಾರು 1,180 ಕೋಟಿ ಡಾಲರ್. ಮರು ತ್ರೈಮಾಸಿಕದಲ್ಲಿ ರಿವಿಯನ್ ಬಿದ್ದಿತು, ಅಮೆಜಾನ್ 380 ಕೋಟಿ ಡಾಲರ್ ನಷ್ಟ ತೋರಿಸಿತು. ಎರಡೂ ಸಲ ಒಂದು ಷೇರನ್ನೂ ಮಾರಿರಬೇಕಾಗಿಲ್ಲ. ಮಾರುಕಟ್ಟೆಯ ಬೆಲೆಯನ್ನು ನೇರವಾಗಿ ಲಾಭ–ನಷ್ಟದ ಪುಟಕ್ಕೆ ತರಬೇಕು ಎಂಬುದು 2018ರಿಂದ ಅಲ್ಲಿ ಜಾರಿಯಲ್ಲಿರುವ ನಿಯಮ. ಭಾರತದ ಲೆಕ್ಕ ಪದ್ಧತಿಯಲ್ಲಿ ಕೆಲವು ಷೇರು ಹೂಡಿಕೆಗಳ ಬೆಲೆ ಬದಲಾವಣೆಯನ್ನು ಲಾಭದ ಪುಟದಿಂದ ಹೊರಗಿಡುವ ಆಯ್ಕೆ ಕಂಪನಿಗಳಿಗಿದೆ. ನಮ್ಮ ಐಟಿ ಕಂಪನಿಗಳ ಹಣ ಹೆಚ್ಚಾಗಿ ಠೇವಣಿ ಮತ್ತು ಸಾಲಪತ್ರಗಳಲ್ಲಿ ಇರುವುದರಿಂದ ಇಂಥ ಜೋರು ಏರಿಳಿತ ಕಡಿಮೆ.

ಹಾಗಾದರೆ ಷೇರಿನ ಬೆಲೆ ಕಟ್ಟುವಾಗ ಏನು ಮಾಡಬೇಕು? ಒಂದು ಕಲ್ಪಿತ ಕಂಪನಿಯನ್ನು ತೆಗೆದುಕೊಳ್ಳೋಣ. ಪ್ರತಿ ಷೇರಿಗೆ 150 ರೂಪಾಯಿ ನಗದು ಇದೆ. ಶೇ 7ರ ಬಡ್ಡಿಯಲ್ಲಿ ಅದು ಹತ್ತೂವರೆ ರೂಪಾಯಿ ತರುತ್ತದೆ, ಕಾಲು ಭಾಗ ತೆರಿಗೆ ಹೋದರೆ ಸುಮಾರು 8 ರೂಪಾಯಿ ಉಳಿಯುತ್ತದೆ. ಸಾಫ್ಟ್‌ವೇರ್ ದುಡಿಮೆಯಿಂದ 42 ರೂಪಾಯಿ. ಒಟ್ಟು ಗಳಿಕೆ ಷೇರಿಗೆ 50 ರೂಪಾಯಿ. ‘ಒಳ್ಳೆಯ ಐಟಿ ಕಂಪನಿಗೆ ಗಳಿಕೆಯ 30 ಪಟ್ಟು ಕೊಡಬಹುದು’ ಎಂಬ ಮಾತನ್ನು ನಂಬಿ ಒಬ್ಬರು 50ನ್ನು 30ರಿಂದ ಗುಣಿಸಿ 1,500 ರೂಪಾಯಿ ಕೊಟ್ಟರು ಎಂದುಕೊಳ್ಳಿ. ಅದರೊಳಗೆ ಬಡ್ಡಿಯ 8 ರೂಪಾಯಿಗೆ ಅವರು ಕೊಟ್ಟದ್ದು 240 ರೂಪಾಯಿ. ಬಡ್ಡಿ ತರುತ್ತಿರುವ ನಗದು ಇರುವುದೇ 150. ಬ್ಯಾಂಕಿನಲ್ಲಿರುವ ನೂರೈವತ್ತು ರೂಪಾಯಿಯನ್ನು ಇನ್ನೂರ ನಲವತ್ತು ಕೊಟ್ಟು ಕೊಂಡಂತಾಯಿತು. ದುಡಿಮೆಯ ಗಳಿಕೆಯನ್ನು ಮಾತ್ರ ಗುಣಿಸಿ, ನಗದನ್ನು ಅದರ ಮುಖಬೆಲೆಗೇ ಸೇರಿಸಿದರೆ 1,260ಕ್ಕೆ 150 ಸೇರಿ 1,410 ಆಗುತ್ತದೆ. ಬೆಳೆಯುವ ವ್ಯವಹಾರಕ್ಕೆ ಕೊಡುವ ಗುಣಕವನ್ನು ಬೆಳೆಯದ ಬಡ್ಡಿಗೆ ಕೊಡುವುದೇ ಈ ಲೆಕ್ಕದಲ್ಲಿ ಆಗುವ ದೊಡ್ಡ ಪ್ರಮಾದ. ಗುಣಕ ದೊಡ್ಡದಾದಷ್ಟೂ ಪ್ರಮಾದ ಹಿಗ್ಗುತ್ತದೆ.

ಈ ವಿಂಗಡಣೆ ನಮ್ಮ ಬೆಳೆಗಾರರಿಗೆ ಕಾನೂನಿನ ಮೂಲಕವೂ ಪರಿಚಿತ. ಆದಾಯ ತೆರಿಗೆಯ 7ಬಿ ನಿಯಮದ ಪ್ರಕಾರ ತಾನೇ ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿಸಿ ಮಾರಿದರೆ ಆದಾಯದ ಶೇ 25ರಷ್ಟನ್ನು ವ್ಯಾಪಾರದ ಆದಾಯವೆಂದು ಪರಿಗಣಿಸಲಾಗುತ್ತಿತ್ತು, ಹುರಿದು ಪುಡಿ ಮಾಡಿ ಮಾರಿದರೆ ಶೇ 40ರಷ್ಟನ್ನು. ಉಳಿದದ್ದು ಕೃಷಿ ಆದಾಯ. ಅದೇ ಕಾಫಿ ಹಣವನ್ನು ಚಿಕ್ಕಮಗಳೂರಿನ ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ಬರುವ ಬಡ್ಡಿ ಮಾತ್ರ ಒಂದು ರೂಪಾಯಿಯೂ ಕೃಷಿ ಆದಾಯವಲ್ಲ. ಹಣದ ಮೂಲ ತೋಟವೇ ಆದರೂ ಬಡ್ಡಿ ತೋಟದ ಫಲವಲ್ಲ ಎಂದು ಕಾನೂನು ನೇರವಾಗಿ ಹೇಳುತ್ತದೆ. ಐಟಿ ಕಂಪನಿಯ ಲಾಭವನ್ನೂ ಹೀಗೆಯೇ ಓದಬೇಕು ಎಂಬುದು ನನ್ನ ವಾದ.

ಕಂಪನಿಯವರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಶೇ 7 ತರುವ ಠೇವಣಿಯಲ್ಲಿ ಷೇರುದಾರರ ಹಣವನ್ನು ಕೂಡಿಹಾಕುವುದೇಕೆ, ಆ ಕೆಲಸವನ್ನು ಷೇರುದಾರರೇ ಮಾಡಿಕೊಳ್ಳಬಹುದಲ್ಲ ಎಂಬ ಒತ್ತಡ 2017ರ ಹೊತ್ತಿಗೆ ಇನ್ಫೊಸಿಸ್ ಮೇಲೆ ಜೋರಾಗಿಯೇ ಇತ್ತು. ಟಿ.ವಿ. ಮೋಹನ್‌ದಾಸ್ ಪೈ, ವಿ. ಬಾಲಕೃಷ್ಣನ್ ಅವರಂಥ ಮಾಜಿ ಹಣಕಾಸು ಮುಖ್ಯಸ್ಥರೇ ಮರುಖರೀದಿಗೆ ಒತ್ತಾಯಿಸಿದರು. ಮುಖ್ಯ ಕಾರ್ಯನಿರ್ವಾಹಕ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟ ಮರುದಿನ, ಆಗಸ್ಟ್ 19ರಂದು, ತಲಾ 1,150 ರೂಪಾಯಿಯಂತೆ 13,000 ಕೋಟಿಯ ಮರುಖರೀದಿಗೆ ಮಂಡಳಿ ಒಪ್ಪಿತು. ಅದು ಕಂಪನಿಯ ಮೊದಲ ಮರುಖರೀದಿ. ಅದರ ನಂತರ 2019, 2021, 2022ರಲ್ಲೂ ನಡೆಯಿತು. ಐದು ವರ್ಷಗಳ ಅವಧಿಯಲ್ಲಿ ಉಳಿಯುವ ನಗದಿನ ಸುಮಾರು ಶೇ 85ನ್ನು ಷೇರುದಾರರಿಗೆ ಮರಳಿಸುವುದು ಈಗ ಅದರ ಘೋಷಿತ ನೀತಿ.

ಮರುಖರೀದಿಯಾದರೆ ಷೇರುಗಳ ಸಂಖ್ಯೆ ಇಳಿಯುತ್ತದೆ, ಹಾಗಾಗಿ ಪ್ರತಿ ಷೇರಿನ ಗಳಿಕೆ ಏರುತ್ತದೆ ಎಂದು ದಲ್ಲಾಳಿಗಳು ಹೇಳುತ್ತಾರೆ. ಅರ್ಧ ಲೆಕ್ಕ ಅದು. ಕೊಟ್ಟುಹೋದ ನಗದು ತರುತ್ತಿದ್ದ ಬಡ್ಡಿಯೂ ಹೋಗುತ್ತದೆ. 2017ರ 13,000 ಕೋಟಿಗೆ ಶೇ 7ರ ಬಡ್ಡಿ ಎಂದುಕೊಂಡರೆ ವರ್ಷಕ್ಕೆ 910 ಕೋಟಿ. ಆಗಿನ ತೆರಿಗೆ ಕಳೆದರೆ ಸುಮಾರು 595 ಕೋಟಿ. ಅದರ ಹಿಂದಿನ ವರ್ಷದ ನಿವ್ವಳ ಲಾಭ 14,353 ಕೋಟಿಯಲ್ಲಿ ಇದು ಶೇ 4.1. ಷೇರುಗಳ ಸಂಖ್ಯೆ ಇಳಿದದ್ದು ಶೇ 4.92. ಎರಡನ್ನೂ ತೂಗಿದರೆ ಪ್ರತಿ ಷೇರಿನ ಗಳಿಕೆಗೆ ಸಿಕ್ಕ ಲಾಭ ಶೇ 1ಕ್ಕೂ ಕಡಿಮೆ.

2025ರ ಸೆಪ್ಟೆಂಬರ್‌ನಲ್ಲಿ ಇನ್ಫೊಸಿಸ್ ತನ್ನ ಅತಿ ದೊಡ್ಡ ಮರುಖರೀದಿ ಪ್ರಕಟಿಸಿತು. ತಲಾ 1,800 ರೂಪಾಯಿಯಂತೆ 10 ಕೋಟಿ ಷೇರು, ಒಟ್ಟು 18,000 ಕೋಟಿ. 2024ರ ಅಕ್ಟೋಬರ್‌ನಿಂದ ಮರುಖರೀದಿಯ ಹಣವನ್ನು ಪಡೆದವರ ಕೈಯಲ್ಲಿ ಡಿವಿಡೆಂಡ್‌ನಂತೆ ತೆರಿಗೆಗೆ ಒಳಪಡಿಸಲಾಗಿತ್ತು, ಪ್ರವರ್ತಕರು ಈ ಸಲ ಭಾಗವಹಿಸಲಿಲ್ಲ. ಅದೇ ಲೆಕ್ಕವನ್ನು ಇಲ್ಲಿ ಮಾಡಿ ನೋಡೋಣ. ಶೇ 7ರಂತೆ 1,260 ಕೋಟಿ ಬಡ್ಡಿ, ಕಾಲು ಭಾಗ ತೆರಿಗೆ ಕಳೆದರೆ 945 ಕೋಟಿ. 2024–25ರ ನಿವ್ವಳ ಲಾಭ 26,713 ಕೋಟಿಯಲ್ಲಿ ಅದು ಶೇ 3.5. ಷೇರುಗಳ ಸಂಖ್ಯೆ ಇಳಿಯುವುದು ಶೇ 2.41 ಮಾತ್ರ. ಈ ಸಲ ಪ್ರತಿ ಷೇರಿನ ಗಳಿಕೆ ಏರುವ ಬದಲು ಸುಮಾರು ಶೇ 1ರಷ್ಟು ಇಳಿಯುತ್ತದೆ. ವ್ಯತ್ಯಾಸಕ್ಕೆ ಕಾರಣ ಬೆಲೆ. 2017ರಲ್ಲಿ ಕಂಪನಿ ತನ್ನ ಷೇರನ್ನು ಗಳಿಕೆಯ ಸುಮಾರು 18 ಪಟ್ಟಿಗೆ ಕೊಂಡಿತ್ತು, 2025ರಲ್ಲಿ ಸುಮಾರು 28 ಪಟ್ಟಿಗೆ. 28 ಪಟ್ಟಿಗೆ ಕೊಂಡ ಷೇರು ನೂರು ರೂಪಾಯಿಗೆ ಸುಮಾರು ಮೂರೂವರೆ ರೂಪಾಯಿ ಗಳಿಸುತ್ತದೆ, ಬ್ಯಾಂಕಿನಲ್ಲೇ ಇದ್ದಿದ್ದರೆ ಅದೇ ನೂರು ತೆರಿಗೆ ಕಳೆದು ಐದು ರೂಪಾಯಿಗೂ ಹೆಚ್ಚು ತರುತ್ತಿತ್ತು.

ಇದರಿಂದ ಮರುಖರೀದಿ ತಪ್ಪು ಎಂದು ಹೇಳಲಾಗದು. ಮೂರೂವರೆ ರೂಪಾಯಿ ವ್ಯವಹಾರದ ಜೊತೆ ಬೆಳೆಯಬಲ್ಲದು. ಐದು ರೂಪಾಯಿಯ ಬಡ್ಡಿ ಬೆಳೆಯುವುದಿಲ್ಲ, ರಿಸರ್ವ್ ಬ್ಯಾಂಕ್ ದರ ಇಳಿಸಿದರೆ ಕುಗ್ಗುತ್ತದೆ. 2025ರ ಫೆಬ್ರುವರಿಯಿಂದ ಜೂನ್‌ವರೆಗೆ ರೆಪೊ ದರ ಶೇ 6.5ರಿಂದ 5.5ಕ್ಕೆ ಇಳಿದದ್ದನ್ನು ಇದರ ಜೊತೆಗಿಟ್ಟು ನೋಡಬೇಕು. ಆ 18,000 ಕೋಟಿ ಹೊರಹೋದ ನಂತರದ ಫಲಿತಾಂಶಗಳಲ್ಲಿ ‘ಇತರ ಆದಾಯ’ ಸೊರಗಿ, ನಿವ್ವಳ ಲಾಭದ ಏರಿಕೆ ಮಂದವಾಗಿ ಕಂಡರೆ ಷೇರು ಮಾರಲು ಓಡಬೇಕಿಲ್ಲ. ಮೊದಲು ಕಾರ್ಯಾಚರಣೆಯ ಲಾಭದ ಸಾಲನ್ನು ಹಿಂದಿನ ವರ್ಷದ ಅದೇ ಸಾಲಿನ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ನಗದು ಹರಿವಿನ ಪಟ್ಟಿಗೆ ಹೋಗಿ. ಕಾರ್ಯಾಚರಣೆಯಿಂದ ಬಂದ ನಗದು ಒಂದು ಭಾಗದಲ್ಲಿ, ಬಡ್ಡಿಯಿಂದ ಬಂದ ನಗದು ಹೂಡಿಕೆಯ ಭಾಗದಲ್ಲಿ, ಮರುಖರೀದಿಗೆ ಹೋದದ್ದು ಮೂರನೆಯ ಭಾಗದಲ್ಲಿ ಅಲ್ಲಿ ಬೇರೆಬೇರೆಯಾಗಿಯೇ ಅಚ್ಚಾಗಿರುತ್ತದೆ.